ಹಳದಿ ಲೈಟಿನ ಮೇಲೆ ಮಾದೇಶ್ವರ

ನಾಯಂಡಹಳ್ಳಿ ಬಸ್‌ಸ್ಟಾಪಿನಲ್ಲಿ ಹೂ ಮಾರುವ ಪಟಾಲಮ್ಮನ ಪಕ್ಕಕ್ಕೆ ತಲೆ ಬೋಳಿಸಿಕೊಂಡ ಅಣ್ಣತಮ್ಮಂದಿರಿಬ್ಬರು ಬಂದು ನಿಂತರು. ಅವಳು ತನ್ನ ಹೂವಿನ ಬುಟ್ಟಿಯನ್ನು ಆಚೆ ಸರಿಸಿಕೊಂಡಳು. ಕಿವಿಯನ್ನು ಸರಿಸಿಕೊಳ್ಳಲಾಗಲಿಲ್ಲ.

“ಕಾರಿನ ಇಂಜಿನ್ ಕೆಲಸ ಮಾಡಿಸಿದ್ಮೇಲೂ ಮೀಟರ್ ಹತ್ರ ಆ ಹಳದಿ ಲೈಟು ಉರೀತಾನೇ ಇತ್ತಾ?” ಎಂದ ತಮ್ಮ.

“ಹೂಂ ಕಣೋ. ಫೋನ್ ಮಾಡಿದೆ. ರಿಪೇರಿ ಆದ್ಮೇಲೆ ಹಂಗೇ, ಓಡಿಸ್ತಾ ಓಡಿಸ್ತಾ ಆರೋಗುತ್ತೆ ಅಂದ ಮೆಕ್ಯಾನಿಕ್ಕು.”

“ವಾಪಸ್ ತಗೊಂಡೋಗಿ ತೋರಿಸ್ಬಾರ್ದಿತ್ತಾ?”

“ತೋರಿಸ್ಬೋದಿತ್ತು. ರಿಪೇರಿ ಆದ ಗಾಡಿಗೆ ಮೊದ್ಲು ಗುಡಿ ಮುಂದೆ ಪೂಜೆ ಆಗ್ಲೇಬೇಕು ಅಂತ ಅಮ್ಮಂದು ಒಂದೇ ಹಟ.”

“ಅಮ್ಮ ಲೈಟ್ ನೋಡ್ಲಿಲ್ವಾ? ಅವಳ ಕಣ್ಣಿಗೆ ಏನೂ ತಪ್ತಿರ್ಲಿಲ್ಲ.”

“ನೋಡಿದ್ರೆ ಗಾಡಿ ಹತ್ತೋಳಾ? ಅದಕ್ಕೇ ಅದರ ಮೇಲೆ ಮಾದೇಶ್ವರನ ಸ್ಟಿಕ್ಕರ್ ಅಂಟಿಸಿದ್ದೆ.”

ತಮ್ಮ ರಸ್ತೆ ನೋಡುತ್ತ ನಿಂತ.

“ಫ್ಲೈಓವರ್ ಮೇಲೆ ಇಂಜಿನ್ ಆಫ್ ಆಗೋಯ್ತು,” ಎಂದ ಅಣ್ಣ, ಯಾರೂ ಕೇಳದಿದ್ದರೂ. “ನಾನು ಫೋನ್ ಹಿಡ್ಕೊಂಡು ಇಳಿದೆ. ಬಿಸಿಲು, ನೀನು ಒಳಗೇ ಕೂತ್ಕೋ ಅಂತ ಅಮ್ಮಂಗೆ ನಾನೇ ಅಂದೆ. ಹಿಂದಿಂದ ಲಾರಿ ಬಂತು.”

ಕೆಂಗೇರಿ ಬಸ್ಸು ಬಂದು ನಿಂತಿತು.

“ಪೊಲೀಸ್ ಸ್ಟೇಷನ್ನಿಂದ ಗಾಡಿ ಬಿಡಿಸ್ಕೊಂಡ ತಕ್ಷಣ ಆ ಸ್ಟಿಕ್ಕರ್ ಕಿತ್ತಾಕ್ತೀನಿ,” ಎಂದ ತಮ್ಮ.

ಅಣ್ಣ ಮೆಟ್ಟಿಲ ಮೇಲೆ ಕಾಲಿಟ್ಟವನು ತಿರುಗಿದ. “ಬೇಡ ಕಣೋ. ಅಮ್ಮ ಅದಕ್ಕೆ ಕೈ ಮುಗಿದೇ ಗಾಡಿ ಹತ್ತಿದ್ಲು.”

ಪಟಾಲಮ್ಮನೂ ಅದೇ ಬಸ್ಸಿಗೆ ಕಾದಿದ್ದಳು. ಹತ್ತಲಿಲ್ಲ.