ನೀಟು ಎಂದರೆ ನನಗೆ ಗುಮಾನಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಬೇಸರವಾದರೆ ಎದ್ದುಹೋಗಲು ಅನುಕೂಲವೆಂದು ಬಾಗಿಲ ಪಕ್ಕದಲ್ಲೇ ಕುಳಿತಿರುವ ಬಾಯ್ಲರ್ ಮನೆಯ ಗೆಳೆಯರೇ, ಎರಡನೇ ಸಾಲಿನಲ್ಲಿರುವ ನನ್ನ ಮನೆಯವಳೇ, ಸಭಿಕರೇ,

ಇಂದು ನಿವೃತ್ತನಾಗುತ್ತಿರುವ ಈ ಬಾಯ್ಲರ್ ಇನ್‌ಸ್ಪೆಕ್ಟರನನ್ನು ಅಧ್ಯಕ್ಷರು 'ನೀಟಾದ ಮನುಷ್ಯ' ಎಂದು ಐದು ಸಲ ಹೊಗಳಿದರು. ನಾನು ಎಣಿಸಿದೆ. ಅವರಿಗೆ ಕೃತಜ್ಞತೆಗಳು. ಆದರೆ ನೀಟು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಗುಮಾನಿ ಶುರುವಾಗುತ್ತದೆ.

ಅಚ್ಚುಕಟ್ಟು, ಓರಣ, ಒಪ್ಪ, ಚೊಕ್ಕಟ, ಇಷ್ಟೆಲ್ಲ ಮಾತುಗಳು ನಮ್ಮಲ್ಲೇ ಇರುವಾಗ ಇಂಗ್ಲಿಷಿನ ನೀಟನ್ನು ಕರೆತಂದು ನಡುಮನೆಯಲ್ಲಿ ಕೂರಿಸಿದವರು ಯಾರು? ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ, ಅವಳೂ "ನೀಟಾಗಿ ತಲೆ ಬಾಚ್ಕೊಳೋ" ಎನ್ನುತ್ತಿದ್ದಳು. ಹಾಸಿಗೆ ಮಡಿಸಿಟ್ಟರೆ ಓರಣ. ಅಡಿಗೆಮನೆ ತೊಳೆದರೆ ಚೊಕ್ಕಟ. ಹಿಡಿದ ಕೆಲಸ ಮುಗಿಸಿದರೆ ಅಚ್ಚುಕಟ್ಟು. ಹಾಗಾದರೆ ನೀಟು ಯಾವಾಗ? ಯಾರೋ ನೋಡಲು ಬರುತ್ತಾರೆ ಎಂದಾಗ. ಇದು ನಿಘಂಟಿನ ಅರ್ಥವಲ್ಲ, ನನ್ನ ಅನುಭವದ ಅರ್ಥ.

ಬಾಯ್ಲರ್ ಮನೆಯಲ್ಲಿ ಗಂಟೆಗೊಮ್ಮೆ ಗೇಜ್ ನೋಡಿ, ಒತ್ತಡ ಎಷ್ಟಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ನಿಜವಾಗಿ ನೋಡಿ ಬರೆದ ಪುಸ್ತಕ ಹೇಗಿರುತ್ತದೆ? ಎಣ್ಣೆ ಬೆರಳಿನ ಗುರುತು, ಹೊಡೆದುಹಾಕಿದ ಅಂಕಿ, ಪೆನ್ನು ಕೈಕೊಟ್ಟಲ್ಲಿ ಪೆನ್ಸಿಲ್. ಒಂದೇ ಪೆನ್ನು, ಅಕ್ಷರಕ್ಕೆ ಒಂದೇ ಓರೆ, ಒಂದು ಚಿತ್ತೂ ಇಲ್ಲ ಎಂದರೆ ಅದು ಕುರ್ಚಿಯಲ್ಲಿ ಕುಳಿತು ಒಂದೇ ಉಸಿರಿಗೆ ಬರೆದದ್ದು. ಹಾಗೆ ಎಷ್ಟು ಜನರನ್ನು ಹಿಡಿದಿಲ್ಲ ನಾನು! ಬಾಗಿಲ ಬಳಿ ಕೆಲವರು ನೆಲ ನೋಡುತ್ತಿದ್ದೀರಿ. ಹೆದರಬೇಡಿ, ನನ್ನ ಅಧಿಕಾರ ಸಂಜೆ ಐದಕ್ಕೇ ಮುಗಿಯಿತು.

ಒಮ್ಮೆ ಒಬ್ಬ ಹಿರಿಯ ಫೋರ್‌ಮನ್ ಮುಂದೆ ಅಂಥ ಪುಸ್ತಕ ಹಿಡಿದು "ಯಾಕ್ರೀ ಸುಳ್ಳು ಬರೆದ್ರಿ?" ಎಂದು ಗದರಿದೆ. ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು: "ಹೋದ ತಿಂಗಳು ಗೇಜಿನ ಮುಳ್ಳು ಮೇಲೆ ಹೋಗಿದ್ದನ್ನ ಇದ್ದ ಹಾಗೇ ಬರ್ದಿದ್ದೆ ಸಾರ್. ಎಲ್ಲರ ಮುಂದೆ ಅರ್ಧ ಗಂಟೆ ಬೈದ್ರಿ. ಅದಕ್ಕೇ ಈ ತಿಂಗಳು ನಿಮಗೆ ಬೇಕಾದ್ದು ಬರ್ದೆ." ಇದನ್ನು ನಾನು ಉದ್ಧಟತನ ಎಂದು ವರದಿಯಲ್ಲಿ ಸೇರಿಸಿದೆ. ನೀಟಾಗಿಯೇ ಸೇರಿಸಿದೆ.

ಮನೆಯ ವಿಷಯ ಸಭೆಗೆ ತರಬಾರದು. ಆದರೂ ತರುತ್ತೇನೆ. ನನ್ನ ಮನೆಯವಳಿಗೆ ರಕ್ತದೊತ್ತಡ. ದಿನಾ ಬೆಳಿಗ್ಗೆ ಯಂತ್ರ ಕಟ್ಟಿಕೊಂಡು ಅಂಕಿ ಬರೆಯಲೆಂದು ನಾನೇ ಗೆರೆ ಎಳೆದು ಅಡಿಗೆಮನೆಯ ಬಾಗಿಲಿಗೆ ತಿಂಗಳಿಗೊಂದು ಹಾಳೆ ಅಂಟಿಸತೊಡಗಿದೆ. ವೈದ್ಯರು ಮಾತ್ರೆ ಬರೆಯುವುದು ಅದನ್ನು ನೋಡಿಯೇ. ಮೊದಲೆರಡು ತಿಂಗಳು ಹಾಳೆ ತುಂಬ ಗೀಚು. ಅಂಕಿ ಏರಿದ ದಿನ ನಾನು ಬಿಡುತ್ತಿರಲಿಲ್ಲ: "ಉಪ್ಪು ಜಾಸ್ತಿ ತಿಂದ್ಯಾ? ಮಾತ್ರೆ ಮರೆತ್ಯಾ? ಮತ್ತೆ ಹೇಗೆ ಏರ್ತು, ಹೇಳು!" ಇದನ್ನು ನಾನು ಕಾಳಜಿ ಎಂದುಕೊಂಡಿದ್ದೆ.

ಆಮೇಲೆ ಅಂಕಿಗಳು ಇಳಿದವು. ಹಾಳೆ ನೀಟಾಯಿತು. ಪಕ್ಕದ ಮನೆಯವರಿಗೂ ತೋರಿಸಿ ಬೀಗಿದೆ. ವೈದ್ಯರು ಮಾತ್ರೆ ಅರ್ಧಕ್ಕೆ ಇಳಿಸಿದರು.

ಇವತ್ತು ಬೆಳಿಗ್ಗೆ ಚಹಾ ಹಿಡಿದು ಈ ತಿಂಗಳ ಹಾಳೆಯ ಮುಂದೆ ನಿಂತೆ. ಒಂದೇ ಪೆನ್ನು. ಒಂದೇ ಓರೆ. ಒಂದು ಚಿತ್ತಿಲ್ಲ. ಇವತ್ತಿನ ಅಂಕಿಯ ಕೆಳಗೆ ನಾಳೆಯದೂ ಇತ್ತು, ನಾಡಿದ್ದಿನದೂ ಇತ್ತು.

ಮೂವತ್ತೆಂಟು ವರ್ಷ ಕಂಡವರ ಪುಸ್ತಕಗಳನ್ನೆಲ್ಲ ಅನುಮಾನಿಸಿದವನು ಸ್ವಂತ ಅಡಿಗೆಮನೆಯಲ್ಲಿ ಎರಡು ತಿಂಗಳು ಕಣ್ಣು ಮುಚ್ಚಿಕೊಂಡಿದ್ದೆ. "ಯಾಕೆ ಸುಳ್ಳು ಬರೆದೆ?" ಎಂದು ಬಾಯಿ ತೆರೆದೆ. ಆ ಫೋರ್‌ಮನ್ ನೆನಪಾದರು. ಬಾಯಿ ಮುಚ್ಚಿದೆ. ಸಭಿಕರೇ, ನನಗೆ ಭಯವಾಗಿದೆ. ಬಾಯ್ಲರಿಗಾದರೆ ಒತ್ತಡ ಮಿತಿಮೀರಿದಾಗ ತಾನೇ ತೆರೆದುಕೊಳ್ಳುವ ಒಂದು ವಾಲ್ವ್ ಇರುತ್ತದೆ. ಅವಳಿಗೆ ನಾನು ಅದನ್ನೂ ಉಳಿಸಿಲ್ಲ.

ಆ ಹಾಳೆ ಈಗ ನನ್ನ ಜೇಬಿನಲ್ಲಿದೆ. ನೋಡೇ, ತಲೆ ತಗ್ಗಿಸ್ಬೇಡ. ಊಟಕ್ಕೆ ನಿಲ್ಲೋದು ಬೇಡ, ಇಲ್ಲಿಂದ ನೇರ ಡಾಕ್ಟರ ಹತ್ರ ಹೋಗೋಣ. ಅಂಕಿ ಎಷ್ಟಾದ್ರೂ ಬರ್ಲಿ, ನಾನು ಹೊರಗೇ ಕೂತಿರ್ತೀನಿ.

ಅಧ್ಯಕ್ಷರೇ, ನೆನಪಿನ ಕಾಣಿಕೆಯನ್ನು ಯಾರ ಕೈಯಲ್ಲಾದರೂ ಮನೆಗೆ ಕಳುಹಿಸಿ. ಬಾಗಿಲ ಬಳಿಯ ಗೆಳೆಯರೇ, ನಮ್ಮಿಬ್ಬರಿಗೆ ಸ್ವಲ್ಪ ದಾರಿ ಬಿಡಿ. ಎಲ್ಲರಿಗೂ ವಂದನೆಗಳು, ನಮಸ್ಕಾರ.