ಇಬ್ಬರಿಗೂ ಸೇರಿ ಒಂದೇ ದಾಖಲೆ

ಅಲ್ಲ ಕಣೇ ಅಕ್ಕ, ಕಂಪ್ಯೂಟರ್ರೇ ಮಾಡಿದ್ದು ಅಂತ ಇನ್ನೆಷ್ಟು ಸಲ ಹೇಳ್ಲಿ! ಕೂತ್ಕೋ ಮೊದಲು. ಅಲ್ಲಲ್ಲ, ಆ ಕುರ್ಚಿ ಅಲ್ಲಾಡುತ್ತೆ... ಇಲ್ಲಿ, ನನ್ನ ಮೇಜಿನ ಹತ್ತಿರ ಬಾ. ಯಾರು ಕರ್ಕೊಂಡು ಬಂದ್ರು? ಪಕ್ಕದ ಮನೆಯವಳಾ? ಹೊರಗೇ ಕೂತಿರ್ಲಿ ಬಿಡು. ಅಕ್ಕತಂಗಿ ಮಾತು ಅವಳಿಗ್ಯಾಕೆ.

ಹಾಗೆ ಮುಖ ಗಂಟು ಹಾಕ್ಕೋಬೇಡ. ಹುಟ್ಟಿದ್ದು ನನಗಿಂತ ಏಳೇ ಏಳು ನಿಮಿಷ ಮುಂಚೆ, ಜೋರು ಮಾತ್ರ ಏಳು ವರ್ಷದ್ದು!... ನಗಲ್ವಾ? ಸರಿ, ಬೇಡ.

ನೋಡು, ಮುಂಚೆ ಒಂದೊಂದು ಇಲಾಖೆಗೆ ಒಂದೊಂದು ಪುಸ್ತಕ ಇತ್ತು. ಆಸ್ಪತ್ರೆಯವರದ್ದು ಬೇರೆ, ಬಸ್ ಪಾಸಿನವರದ್ದು ಬೇರೆ, ಪಿಂಚಣಿಯವರದ್ದು ಬೇರೆ. ಜನ ಚಪ್ಪಲಿ ಸವೆಸ್ತಿದ್ರು. ಈಗ ಎಲ್ಲಾ ಇಲಾಖೆಗೂ ಸೇರಿ ಒಂದೇ ವ್ಯವಸ್ಥೆ, ಒಬ್ಬರಿಗೆ ಒಂದೇ ದಾಖಲೆ. ಒಬ್ಬರದೇ ಹೆಸರು ಎರಡೆರಡು ಕಡೆ ಇದ್ರೆ ಸೇರಿಸಿ ಒಂದು ಮಾಡೋದು ನನ್ನ ಕೆಲಸ. ನಮ್ಮಿಬ್ಬರದ್ದು ಹೇಳು... ಹುಟ್ಟಿದ ದಿನ ಒಂದೇ, ಅಪ್ಪ ಅಮ್ಮ ಒಂದೇ, ಇಬ್ಬರದ್ದೂ ಇನ್ನೂ ಅಪ್ಪನ ಮನೆ ವಿಳಾಸಾನೇ, ಮುಖಾನೂ ಒಂದೇ! ಹೆಸರಲ್ಲಿ ಒಂದೇ ಒಂದಕ್ಷರ ಆ ಕಡೆ ಈ ಕಡೆ. ಅಪ್ಪನಿಗೆ ಎರಡನೇ ಹೆಸರು ಹುಡುಕೋಕೂ ಸೋಮಾರಿತನ! ಪಾಪ, ಕಂಪ್ಯೂಟರ್ ಏನು ಮಾಡುತ್ತೆ, ಒಬ್ಬಳೇ ಅಂದ್ಕೊಂಡ್ತು.

ಹುಬ್ಬು ಯಾಕೆ ಏರಿಸ್ತೀಯ? ...ಕೇಳುತ್ತೆ. ಸೇರಿಸೋಕೆ ಮುಂಚೆ ಕೇಳುತ್ತೆ ಅನ್ನು. 'ಇವರಿಬ್ಬರೂ ಒಬ್ಬರೇನಾ?' ಅಂತ ತೆರೆ ಮೇಲೆ ಬರುತ್ತೆ, ಹೌದು ಇಲ್ಲ ಅಂತ ಎರಡು ಗುಂಡಿ ಇರುತ್ತೆ. ದಿನಕ್ಕೆ ನಾನೂರು ಕಣೇ! ನಾನೂರು! ಊಟಕ್ಕೆ ಎದ್ರೂ ಮೇಲ್ವಿಚಾರಕ ಗಡಿಯಾರ ನೋಡ್ತಾನೆ. ಬೆರಳು ತಾನಾಗೇ ಹೌದು, ಹೌದು, ಹೌದು... ಹೆಸರು ಓದಿದ್ರೆ ತಾನೆ! ಆಯ್ತು, ನಾನೇ ಒತ್ತಿದ್ದು. ಸಮಾಧಾನ ಆಯ್ತಾ? ಬೇಕಂತ ಮಾಡ್ಲಿಲ್ಲ.

ಅದಾದ ಮೇಲೆ ಆಫೀಸಲ್ಲಿ ನಮಗೆಲ್ಲ ಕಣ್ಣು ಪರೀಕ್ಷೆ ಮಾಡಿಸಿದ್ರು. ನನ್ನವು ಚೆನ್ನಾಗಿವೆ ಅಂತ ಬಂತು. ಅದೇ ಹೋಗಿ ನಿನ್ನ ಹೆಸರಿಗೂ ಅಂಟ್ಕೊಂಡ್ತು. ನೀನು ಆಸ್ಪತ್ರೆ ಕೌಂಟರಲ್ಲಿ ನಿಂತು, 'ಬಲಗಣ್ಣು ಆಗಲೇ ಹೋಗಿದೆ, ಎಡಗಣ್ಣಾದ್ರೂ ಉಳಿಸಿ ತಾಯಿ' ಅಂದ್ರೆ, ಅವಳು ತೆರೆ ನೋಡಿ 'ನಿಮ್ಮ ಕಣ್ಣು ಚೆನ್ನಾಗಿದೆಯಲ್ಲಮ್ಮ' ಅಂದಳಂತೆ. 

ಸರಿ ಮಾಡ್ಸೋಕೆ ನಾನು ಓಡಾಡಿಲ್ವಾ? ಆಸ್ಪತ್ರೆಯವರು ಗುರುತಿನ ಇಲಾಖೆಯಿಂದ ಚೀಟಿ ತನ್ನಿ ಅಂತಾರೆ. ಅವರು ವೈದ್ಯರ ಪತ್ರ ತನ್ನಿ ಅಂತಾರೆ. ವೈದ್ಯರು, ದಾಖಲೇಲಿ ಇಲ್ಲದವರಿಗೆ ಪತ್ರ ಹೇಗೆ ಕೊಡ್ಲಿ ಅಂತಾರೆ. ಗಾಣದೆತ್ತಿನ ಥರ ಸುತ್ತಿದೀನಿ! ಮುಂಚೆ ಒಂದು ಕಡೆ ಇಲ್ಲ ಅಂದ್ರೆ ಇನ್ನೊಂದು ಕಡೆ ಕೇಳಬಹುದಿತ್ತು. ಈಗ ಒಂದು ಕಡೆ ಇಲ್ಲ ಅಂದ್ರೆ ಎಲ್ಲಾ ಕಡೇನೂ ಇಲ್ಲ.

ನನಗೂ ಸಂಕಟ ಆಗಲ್ವಾ ಹೇಳು? ಹದಿನಾಲ್ಕನೇ ತಾರೀಕು ಬೆಳಿಗ್ಗೆ ಎಂಟೂವರೆಗೆ ಆಪರೇಷನ್ ಆಗಿದ್ದಿದ್ರೆ, ಇಷ್ಟು ಹೊತ್ತಿಗೆ ನೀನು ಹೊಲಿಗೆ ಮೆಷಿನ್ ಮುಂದೆ ಕೂತು, ಸೂಜಿಗೆ ದಾರ ಪೋಣಿಸ್ತಾ, ನನ್ನ ರವಿಕೆ ಕೆಡಿಸ್ತಾ...

ಏನು? ಯಾಕೆ ಹಾಗೆ ತಲೆ ಎತ್ತಿದೆ?

ಹದಿನಾಲ್ಕು ಅಂದ್ನಾ? ...ನೀನೇ ಹೇಳಿದ್ದಲ್ವಾ? ಮೊನ್ನೆ, ಫೋನಲ್ಲಿ... ಇಲ್ವಾ? ಕೌಂಟರಲ್ಲಿ ಅವಳು ಹೇಳಿರ್ಬೇಕು ನಿನಗೆ. ಅವಳೂ ಹೇಳ್ಲಿಲ್ವಾ... ನಿನಗೆ ತಾರೀಕು ಕೊಟ್ಟಿದ್ದೇ ಗೊತ್ತಿಲ್ಲ, ಅಲ್ವಾ?

ಏಳ್ಬೇಡ, ಕೇಳು.

...ಮೆಸೇಜು ನನ್ನ ಫೋನಿಗೆ ಬಂತು. ದಾಖಲೇಲಿ ಉಳಿದಿದ್ದು ನನ್ನ ನಂಬರ್ರೇ ಅಲ್ವಾ. ಅವತ್ತೇ ಗೊತ್ತಾಯ್ತು ನಾನೇನು ಮಾಡಿದೀನಿ ಅಂತ. ದಾಖಲೆ ಸೇರಿಸಿ ಮೂವತ್ತು ದಿನದೊಳಗೆ ಆಗಿದ್ರೆ ನಾನೇ ಬೇರೆ ಮಾಡಬಹುದಿತ್ತು. ಒಂದೇ ಒಂದು ಅರ್ಜಿ. ಆದರೆ ಅದರಲ್ಲಿ, ತಪ್ಪು ಮಾಡಿದವರು ಯಾರು ಅಂತ ಬರೀಬೇಕು. ಅದೇ ವಾರ ನನ್ನ ಕೆಲಸ ಖಾಯಂ ಮಾಡೋ ಆದೇಶ ಸಹಿಗೆ ಹೋಗಿತ್ತು. ಹನ್ನೊಂದು ವರ್ಷ ಕಣೇ! ಹನ್ನೊಂದು ವರ್ಷ ಇವತ್ತಿದೆ, ನಾಳೆ ಗೊತ್ತಿಲ್ಲ ಅಂತ ದುಡಿದಿದ್ದು. ಆದೇಶ ಕೈಗೆ ಬರ್ಲಿ, ಆಮೇಲೆ ಸರಿ ಮಾಡೋಣ ಅಂದ್ಕೊಂಡೆ. ಹದಿನೈದು ದಿನಕ್ಕೆ ಕಣ್ಣಿಗೇನಾಗುತ್ತೆ ಅಂದ್ಕೊಂಡೆ.

'ನಿಮ್ಮ ಕಣ್ಣು ಚೆನ್ನಾಗಿದೆ ಅಂತಿದೆ, ಆಪರೇಷನ್ ಬೇಕಾ?' ಅಂತ ಆ ಮೆಸೇಜು ಕೇಳ್ತು. ಬೇಡ ಅಂತ ಒತ್ತಿದೆ. ಆಗ ಬೆರಳು ತಾನಾಗೇ ಹೋಗಿದ್ದಲ್ಲ ಅಕ್ಕ. ಓದಿ ಒತ್ತಿದೆ. ಎರಡು ಸಲ ಓದಿ ಒತ್ತಿದೆ.

ಆದೇಶ ಬಂತು. ಅಷ್ಟರಲ್ಲಿ ಮೂವತ್ತು ದಿನ ದಾಟಿತ್ತು.

ಬೈಯೇ. ಎರಡು ಬಾರಿಸು ಬೇಕಾದ್ರೆ. ... ಎಲ್ಲಿಗೆ ಎದ್ದೆ? ಇರು, ಕೈ ಕೊಡು, ನಾನು... ಬೇಡ್ವಾ? ಸರಿ, ಸರಿ, ಮುಟ್ಟಲ್ಲ.

ಅಕ್ಕಾ... ಅದು ಕಪಾಟು.

ಬಾಗಿಲು ಈ ಕಡೆ ಇದೆ ಕಣೇ.