ಬಾಗ್ಲು ಮೊದ್ಲು, ಫೋಟೋ ಆಮೇಲೆ

ಹಲೋ, ಯಾರು?... ವಿಶ್ರುತಾ? ಇದ್ಯಾವ್ದೋ ನಂಬರು, ಸೊನ್ನೆ ಎಂಟು ಎರಡು ಒಂದು ಅಂತ? ನಿಮ್ ಶಿಕ್ಷಣ ಇಲಾಖೆ ಆಫೀಸ್ ಲ್ಯಾಂಡ್‌ಲೈನಾ? ಅಯ್ಯೋ, ಅದಿನ್ನೂ ಉಸಿರಾಡ್ತಿದ್ಯಾ! ಸರಿ ಸರಿ, ಕೇಳಿಲ್ಲಿ, ನಾನ್ ಮೆಸೇಜ್ ಹಾಕಿದ್ದು ಜೋಕಲ್ಲ. ಹಾಕ್ಬುಟ್ರು ಕಣೋ! ಅಮ್ಮನ ಸ್ಕೂಲಲ್ಲಿ ಹೆಣ್ಮಕ್ಕಳ ಟಾಯ್ಲೆಟ್ಟಿಗೆ ಬಾಗ್ಲು ಹಾಕ್ಬುಟ್ರು!

... ಹೂಂ, ಪೂರ್ತಿ. ಚಿಲಕ ಸಮೇತ. ಒಳಗಡೆಯಿಂದ ಹಾಕ್ಕೊಳೋ ಚಿಲಕ! ಮೂರ್ ವರ್ಷದಿಂದ ಆಗ್ದಿದ್ದು ಒಂದೇ ಭಾನುವಾರದಲ್ಲಿ ಆಗೋಯ್ತು. ಸರ್ಕಾರಿ ಕೆಲಸ, ಒಂದೇ ದಿನಕ್ಕೆ, ಅದೂ ನೆಟ್ಟಗೆ. ಎಂಥಾ ಅಪರಾಧ ನೋಡು.

... ಯಾರ್ ಮಾಡಿದ್ದು ಅಂದ್ರೆ? ಸಣ್ಣಮಾದಯ್ಯನೋರು. ಸ್ಕೂಲ್ ಸಮಿತಿ ಅಧ್ಯಕ್ಷರು ಕಣೋ, ಉದಯಗಿರೀಲಿ ಗೇಟು ಗ್ರಿಲ್ಲು ಮಾಡೋ ವೆಲ್ಡಿಂಗ್ ಅಂಗಡಿ ಇಟ್ಕೊಂಡಿದಾರಲ್ಲ, ಅವ್ರು. ಟಾಯ್ಲೆಟ್ ರಿಪೇರಿಗೆ ಗ್ರಾಂಟ್ ಬಂತು ಅಂತ ಅಮ್ಮ ಶನಿವಾರ ಫೋನಲ್ಲಿ ಹೇಳಿದಾರೆ ಅಷ್ಟೆ. ಇವ್ರು ಭಾನುವಾರ ಬೆಳಿಗ್ಗೆ ಆರಕ್ಕೆ ಮೆಷಿನ್ನು ಆಟೋಗೆ ಹಾಕ್ಕೊಂಡು ಬಂದು, ಹಳೇ ಬಾಗ್ಲು ಕಿತ್ತಾಕಿ, ಕಬ್ಬಿಣದ್ದು ಕೂರ್ಸಿ, ನೀಲಿ ಪೇಂಟೂ ಬಳ್ದು, ಮಧ್ಯಾಹ್ನದ ಊಟಕ್ಕೆ ಮನೇಗೆ ಹೋಗಿದಾರೆ. ಇವತ್ತು ಬೆಳಿಗ್ಗೆ ಅಮ್ಮ ಸ್ಕೂಲ್ ಗೇಟ್ ತೆಗೆದ್ರೆ, ಬಾಗ್ಲು! ಖುಷಿಗೆ ನಂಗೆ ಫೋಟೋ ಕಳ್ಸಿದ್ರು. ನಾನೂ ಬುದ್ಧಿ ಇಲ್ದೋಳು, ಹಾರ್ಟ್ ಹಾಕ್ದೆ.

... ಹಾಂ, ಅದೇ. ಅದೇ ಎಡವಟ್ಟು. ನಿಮ್ ಆಫೀಸಿನ ಗ್ರಾಂಟ್ ಆ್ಯಪಲ್ಲಿ 'ಕೆಲಸಕ್ಕೆ ಮೊದಲು' ಅಂತ ಒಂದ್ ಫೋಟೋ, 'ಕೆಲಸದ ನಂತರ' ಅಂತ ಒಂದ್ ಫೋಟೋ ಹಾಕ್ಬೇಕು, ಅಲ್ವಾ? ನಮ್ ಹತ್ರ ನಂತರದ್ದು ಹನ್ನೆರಡಿದೆ. ಎರಡರಲ್ಲಿ ಎದುರುಮನೆ ಬಸವಮ್ಮನ ಕೋಳೀನೂ ಬಿದ್ದಿದೆ. ಮೊದಲಿಂದು? ಒಂದೂ ಇಲ್ಲ. ಮೊದಲಿಂದು ಹಾಕ್ದೆ ನಂತರದ್ದು ತಗೊಳಲ್ಲ ಅಂತಿದೆ ನಿಮ್ ಆ್ಯಪು. ಮುರಿದಿರೋ ಬಾಗ್ಲು ತೋರಿಸ್ದೇ ಇರೋರಿಗೆ ಗಟ್ಟಿ ಬಾಗ್ಲು ಇಟ್ಕೊಳೋ ಯೋಗ್ಯತೆ ಇಲ್ಲ ಅಂತ.

... ಆ್ಯಪಲ್ಲಿ ಇದನ್ನೆಲ್ಲ ನಾನ್ಯಾಕ್ ತುಂಬ್ತಿದೀನಾ? ಒಳ್ಳೇ ಪ್ರಶ್ನೆ ಕೇಳ್ದೆ. ಸ್ಕೂಲ್ ಕಂಪ್ಯೂಟರ್ ಕಳ್ಳತನ ಆಗ್ಬಾರ್ದು ಅಂತ ನಿಮ್ ಆಫೀಸಿಂದ್ಲೇ ಸರ್ಕ್ಯುಲರ್ ಬಂದು, ಅದನ್ನ ಬೀರೂಲಿಟ್ಟು ಬೀಗ ಹಾಕಿದಾರೆ. ತುಂಬಾ ಸೇಫಾಗಿದೆ, ಯಾರೂ ಮುಟ್ಟಲ್ಲ, ಮೇಷ್ಟ್ರೂ ಮುಟ್ಟಲ್ಲ. ಅದಕ್ಕೆ ಬಿ.ಕಾಂ. ಎರಡನೇ ವರ್ಷದ ಗಗನ ಅನ್ನೋ ಮಹಾನುಭಾವರು, ಸ್ಕ್ರೀನ್ ಒಡೆದಿರೋ ಫೋನಲ್ಲಿ, ಸರ್ಕಾರದ ಅನುದಾನ ನಿರ್ವಹಣೆ ಮಾಡ್ತಿದಾರೆ. ಹೆಡ್‌ಮಿಸ್ಸು ಸುಷ್ಮಾ ಅವರ ಮಗಳಾಗಿ ಹುಟ್ಟಿದ ತಪ್ಪಿಗೆ.

... ನಂದಿರ್ಲಿ, ನಿನ್ ಫೋನಿಗೇನಾಯ್ತು? ... ನಿಮ್ ಆಫೀಸರ್ ಪುಟ್ಟಲಿಂಗಮ್ಮ ಮೇಡಂ ಟೇಬಲ್ ಮೇಲಾ? ಯಾಕೆ? ... ಇಡೀ ಆಫೀಸಿನ ಓಟಿಪಿ ನಿನ್ ನಂಬರಿಗೇ ಬರುತ್ತಾ! ಲೋ, ಕಾಂಟ್ರಾಕ್ಟ್ ಮೇಲೆ ಡೇಟಾ ಎಂಟ್ರಿ ಮಾಡೋನು ನೀನು. ಹೋದ್ವರ್ಷ ನಮ್ ಕಾಲೇಜ್ ಕ್ಯಾಂಟೀನಲ್ಲಿ ನನ್ ಸಮೋಸ ಕಿತ್ಕೊಂಡು ತಿಂತಿದ್ದೋನು. ಇವತ್ತು ನೀನ್ ರೀಚಾರ್ಜ್ ಮಾಡಿಸ್ದಿದ್ರೆ ಅಷ್ಟೂ ಸ್ಕೂಲಿನ ಗ್ರಾಂಟ್ ನಿಂತೋಗುತ್ತಾ? ಕಾಲ್ ತೋರಿಸಪ್ಪ, ನಮಸ್ಕಾರ ಮಾಡ್ತೀನಿ.

... ಸರಿ, ನಗಲ್ಲ. ಏನಂದ್ರು ನಿಮ್ ಮೇಡಂ? ... ಆಂ? ... ಇನ್ನೊಂದ್ಸಲ ಹೇಳು, ಕರಕರ ಅಂತಿದೆ ಲೈನು.

... ನಾಳೆ ಸಾಯಂಕಾಲ ಐದರೊಳಗೆ ಮೊದಲಿನ ಫೋಟೋ ಹೋಗ್ದಿದ್ರೆ ಗ್ರಾಂಟ್ ವಾಪಸ್ಸು. ಅಮ್ಮಂಗೆ ನೋಟಿಸ್ಸು. ಆಹಾ. ಜೂನಿಂದ ಎಲ್ಲೋ ಮಲಗಿದ್ದ ಗ್ರಾಂಟು ಮಾರ್ಚ್ ಕೊನೇಲಿ ಕಣ್ಣುಜ್ಕೊಂಡು ಎದ್ದು ಬಂದಿದೆ. ಬಂದು ಮೂರ್ ದಿನ ಆಗಿಲ್ಲ, ಆಗ್ಲೇ ಬಸ್ ಟೈಮಾಯ್ತು ಅಂತಿದೆ. ಮದುವೆ ಮನೆಗೆ ಬಂದ ನೆಂಟ್ರೂ ಊಟ ಮಾಡ್ಕೊಂಡ್ ಹೋಗ್ತಾರೆ ಕಣೋ.

... ಹೋದ್ರೆ ಹೋಗ್ಲಿ, ಬಾಗ್ಲಂತೂ ಇದ್ಯಲ್ಲ ಅಂತ್ಯಾ? ಇರಲ್ಲ! ಅದೇ ಹೇಳ್ತಿರೋದು. ಒಂದೇ ದಿನದಲ್ಲಿ ಬಾಗ್ಲು ಎಲ್ಲಿಂದ ಬಂತು ಅನ್ಕೊಂಡೆ? ಸಿದ್ಧಾರ್ಥನಗರದ ಯಾರ್ದೋ ಮನೇಗೆ ಅಂತ ಮಾಡಿಟ್ಟಿದ್ರಂತೆ ಸಣ್ಣಮಾದಯ್ಯನೋರು. ಅಳತೆ ಸರಿ ಹೋಯ್ತು ಅಂತ ಆ ಮನೆಯೋರ ಹತ್ರ ಒಂದ್ವಾರ ಟೈಮ್ ಕೇಳ್ಕೊಂಡು ಇಲ್ಲಿ ತಂದು ಕೂರಿಸಿರೋದು. ಗ್ರಾಂಟ್ ಬಂದ್ರೆ ಅವ್ರಿಗೆ ಬೇರೆ ಮಾಡ್ಕೊಡ್ತಾರೆ. ಬರ್ಲಿಲ್ಲ ಅಂದ್ರೆ ಇದನ್ನೇ ಕಿತ್ಕೊಂಡೋಗಿ ಅಲ್ಲಿ ಹಾಕ್ಬೇಕು. ಅವ್ರೇನು ದೊಡ್ಡ ಸಾಹುಕಾರ್ರಾ, ಎರಡು ಬಾಗ್ಲು ದಾನ ಕೊಡೋಕೆ?

... ಹಾಂ, ಈಗ ಅರ್ಥ ಆಯ್ತಾ. ನಾಳೆ ಐದು ಗಂಟೆಗೆ ಗ್ರಾಂಟ್ ಹೋದ್ರೆ ನಾಡಿದ್ದು ಬಾಗ್ಲು ಹೋಗುತ್ತೆ.

... ಐಡಿಯಾನಾ? ಹೇಳು ಹೇಳು. ... ಬಾಗ್ಲು ಬಿಚ್ಚಿ, ಖಾಲಿ ಜಾಗದ ಫೋಟೋ ತೆಗೆದು, ಮತ್ತೆ ಹಾಕೋದಾ? ಅಬ್ಬಬ್ಬಾ. ನಿನ್ನನ್ನ ವಿಧಾನಸೌಧಕ್ಕೆ ಕಳಿಸ್ಬೇಕು. ಲೋ, ಕೀಲು ವೆಲ್ಡ್ ಮಾಡ್ಬುಟ್ಟಿದಾರೆ. ಕತ್ತರಿಸ್ಬೇಕು. ಚೆನ್ನಾಗಿರೋದನ್ನ ಕೆಡಿಸಿ, ಕೆಟ್ಟಿದೆ ಅಂತ ತೋರ್ಸಿ, ಮತ್ತೆ ಸರಿ ಮಾಡಿದ್ವಿ ಅಂತ ತೋರಿಸ್ಬೇಕು. ಅದಕ್ಕೆ ರಿಪೇರಿ ಅಂತಾರೆ ನಿಮ್ ಆಫೀಸಲ್ಲಿ.

... ಅಮ್ಮಂಗೆ ಹೇಳ್ದೆ ಕಣೋ ಅದನ್ನೂ. ಏನಂದ್ರು ಗೊತ್ತಾ? "ಇವತ್ತು ತೆಗೆದ ಫೋಟೋಗೆ ಮೊದಲಿಂದು ಅಂತ ನಾನ್ ಸೈನ್ ಹಾಕಲ್ಲ, ನೋಟಿಸ್ ಬಂದ್ರೆ ಬರ್ಲಿ" ಅಂತ. ಇಪ್ಪತ್ತಾರು ವರ್ಷ ಸರ್ವಿಸಲ್ಲಿ ಸುಳ್ಳು ಬರೆಯೋದು ಕಲೀಲೇ ಇಲ್ಲ ಪಾಪ. ಟ್ರೈನಿಂಗ್ ಕೊಡ್ಸಿ ಯಾರಾದ್ರೂ.

... ಹಳೇ ಬಾಗ್ಲಾ? ಅದ್ರ ಫೋಟೋ ಆದ್ರೂ ಸಾಕಾ? ಇರಪ್ಪ, ನಗು ಬರ್ತಿದೆ. ಹಳೇ ಬಾಗ್ಲು ಬಸವಮ್ಮ ತಗೊಂಡೋದ್ರು. ಬಿಸಿಯೂಟ ಮಾಡ್ತಾರಲ್ಲ, ಸ್ಕೂಲ್ ಎದುರು ಮನೆ, ಅವ್ರು. ಗೆದ್ದಲು ತಿಂದಿರೋ ಹಲಗೆ, ಬಿದ್ದಿದ್ಯಲ್ಲ ಅಂತ ಎತ್ಕೊಂಡೋಗಿ ನೀರ್ ಹಂಡೆ ಕೆಳಗೆ ತುರುಕಿದಾರೆ. ಇವತ್ತು ಬೆಳಿಗ್ಗೆ ನಿಮ್ ಪುರಾವೇಲಿ ಬಸವಮ್ಮ ತಲೆಗ್ ಸ್ನಾನ ಮಾಡ್ಬುಟ್ರು.

... ಏನಂದೆ? ... ಹಳೇ ಸಾಮಾನು ಅಂಗೆಲ್ಲ ಕೊಡಂಗಿಲ್ವಾ? ಸ್ಟಾಕ್ ಪುಸ್ತಕದಲ್ಲಿ ಬರೆದು ಹರಾಜು ಹಾಕ್ಬೇಕಿತ್ತಾ? ಅಯ್ಯೋ ದೇವ್ರೇ. ಗೆದ್ದಲೂ ಸೇರಿಸಿ ಹರಾಜಾ, ಇಲ್ಲ ಗೆದ್ದಲಿಗೆ ಬೇರೆ ಪುಸ್ತಕ ಇದ್ಯಾ? ಮೂರ್ ವರ್ಷದಿಂದ ತಿಂದಿವೆ ಕಣೋ ಅವು, ಅವಕ್ಕೊಂದು ನೋಟಿಸ್ ಕಳ್ಸು.

... ಸರಿ, ಬೈಯ್ಯಲ್ಲ. ಗೊತ್ತು, ನೀನ್ ಮಾಡಿರೋ ರೂಲ್ಸಲ್ಲ. ಆದ್ರೂ... ಇಲ್ಲ, ಒಂದ್ ನಿಮಿಷ, ಇದ್ ಕೇಳು. ಸಣ್ಣಮಾದಯ್ಯನೋರ ಮಗಳು ಪ್ರೀತಿ ಗೊತ್ತಲ್ಲ? ಏಳನೇ ಕ್ಲಾಸು. ಆ ಹುಡುಗಿ ಬೆಳಿಗ್ಗೆ ಮನೆ ಬಿಟ್ಟ ಮೇಲೆ ಸಾಯಂಕಾಲದವರೆಗೂ ಒಂದ್ ಗುಟುಕು ನೀರ್ ಕುಡಿಯಲ್ಲ. ಅವ್ಳೊಬ್ಳೇ ಅಲ್ಲ, ದೊಡ್ಡ ಹುಡುಗೀರು ಯಾರೂ ಕುಡಿಯಲ್ಲ. ಕುಡಿದ್ರೆ ಹೋಗ್ಬೇಕಾಗುತ್ತೆ, ಹೋದ್ರೆ ಇಬ್ರು ದುಪಟ್ಟಾ ಹಿಡ್ಕೊಂಡು ಆಚೆ ನಿಂತ್ಕೋಬೇಕು. ಬಾಟ್ಲು ತರ್ತಾರೆ, ತುಂಬಿದ್ದು ತುಂಬಿದಂಗೇ ವಾಪಸ್ ಹೋಗುತ್ತೆ.

... ಹೂಂ. ಇವತ್ತು ಸ್ಕೂಲ್ ಬಿಟ್ಟಾಗ ಅಮ್ಮ ಗೇಟಲ್ಲಿ ನಿಂತ್ಕೊಂಡು ನೋಡಿದಾರೆ. ಎಲ್ಲಾ ಬಾಟ್ಲೂ ಖಾಲಿ. ಪ್ರೀತಿ ಅಂತೂ ಪಕ್ಕದೋಳ್ದೂ ಕುಡಿದಿದ್ಲಂತೆ. ಅಮ್ಮ ಮನೇಗ್ ಬಂದು ನಂಗೆ ಇದೊಂದೇ ನಾಲ್ಕ್ ಸಲ ಹೇಳಿದ್ರು. ಅದು ನಿಮ್ ಆ್ಯಪಲ್ಲಿ ಎಲ್ ಹಾಕೋದು, ಹೇಳು? ಅದಕ್ಕೊಂದ್ ಬಾಕ್ಸಿದ್ಯಾ?

... ಇಲ್ಲ ಕಣೋ, ಅಳ್ತಿಲ್ಲ. ಶೀತ.

... ಅದೇ ಅದೇ ಮತ್ತೆ ಹೇಳ್ಬೇಡ. ಮೊದ್ಲು ಮುರಿದಿತ್ತು ಅನ್ನೋಕೆ ಸಾಕ್ಷಿ ಎಲ್ಲಿ, ಸಾಕ್ಷಿ ಎಲ್ಲಿ ಅಂತ. ಹೋಗಿ ನಿಮ್ ಪುಟ್ಟಲಿಂಗಮ್ಮ ಮೇಡಮ್ಮನ್ನೇ ಕೇಳು! ಅವ್ರಿಗಿಂತ ಸಾಕ್ಷಿ ಬೇಕಾ? ಹೋದ ಜುಲೈಲಿ ಇನ್ಸ್‌ಪೆಕ್ಷನ್ನಿಗೆ ಬಂದಿದ್ರಲ್ಲ, ಅರ್ಜೆಂಟಾಗಿ ಟಾಯ್ಲೆಟ್ ಎಲ್ಲಿ ಅಂತ ಕೇಳಿ, ಆ ಬಾಗ್ಲು ನೋಡಿ, ಸೆರಗು ಎತ್ಕೊಂಡು ರಸ್ತೆ ದಾಟಿ ಬಸವಮ್ಮನ ಮನೇಗ್ ಓಡಿದ್ರು. ಲಾರಿ ನಿಲ್ಸಿ ದಾಟ್ಸಿದ್ರಂತೆ ಬಸವಮ್ಮ. ವಾಪಸ್ ಬಂದು ಅಮ್ಮಂಗೆ ಚೆನ್ನಾಗ್ ಬೈದು, ಪುಸ್ತಕದಲ್ಲಿ ಬರೆದು...

... ತಾಳು.

... ತಾಳೋ, ಮಾತಾಡ್ಬೇಡ! ಅಮ್ಮಾ! ಅಮ್ಮಾ, ಜುಲೈಲಿ ಮೇಡಂ ಬರೆದ್ರಲ್ಲ, ಭೇಟಿ ಪುಸ್ತಕ, ಅದೆಲ್ಲಿ? ... ನಿಂಗಲ್ಲ ಕಣೋ, ಅಮ್ಮಂಗೆ. ... ಸ್ಕೂಲಲ್ಲಾ? ... ಬ್ಯಾಗಲ್ಲೇ ಇದ್ಯಾ? ವರ್ಷದ ಕೊನೆ ಅಂತ ಎಲ್ಲಾ ಹೊತ್ಕೊಂಡ್ ಬಂದಿದೀರಾ? ಅಮ್ಮಾ, ನೀವು ದೇವ್ರು. ಇಲ್ಲ, ಏನಿಲ್ಲ, ಒಗ್ಗರಣೆ ನೋಡಿ ನೀವು, ಸೀದೋಗುತ್ತೆ.

... ವಿಶ್ರುತಾ, ಇದೀಯಾ? ಪುಟ ತಿರುಗಿಸ್ತಿದೀನಿ. ಆಗಸ್ಟು... ಇದ್ಯಾರೋ "ಮಕ್ಕಳು ಚುರುಕಾಗಿದ್ದಾರೆ" ಅಂತ ಬರೆದು ಹೋಗಿದಾರೆ, ಇವ್ರು ಬಂದಿದ್ದು ಉಪ್ಪಿಟ್ಟಿಗೆ... ಹಾಂ, ಜುಲೈ! ಸಿಕ್ತು! ಕೇಳು, ಇದ್ದಂಗೇ ಓದ್ತೀನಿ. "ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಸಂಪೂರ್ಣ ಶಿಥಿಲಗೊಂಡಿದ್ದು, ಬಳಸಲು ಯೋಗ್ಯವಾಗಿರುವುದಿಲ್ಲ. ಈ ಬಗ್ಗೆ ಮುಖ್ಯ ಶಿಕ್ಷಕಿಯವರು ಅನುದಾನಕ್ಕಾಗಿ ಕಾಯದೆ, ಸಮಿತಿಯ ನೆರವಿನಿಂದ ಕೂಡಲೇ ದುರಸ್ತಿಪಡಿಸತಕ್ಕದ್ದು."

... ಹೂಂ! ಹೂಂ ಕಣೋ! ಅನುದಾನಕ್ಕಾಗಿ ಕಾಯದೆ! ಕೆಳಗೆ ಹಸಿರು ಇಂಕಲ್ಲಿ ಸೈನು, ಡೇಟು, ಸೀಲು. ಸೀಲು ಎರಡ್ ಸಲ ಒತ್ತಿದಾರೆ, ಅಷ್ಟು ಕೋಪ ಬಂದಿತ್ತು ಪಾಪ. ಜುಲೈಲಿ ಕಾಯ್ಬೇಡಿ ಅಂತ ಬರೆದೋರು ಮಾರ್ಚಲ್ಲಿ ಫೋಟೋಗೆ ಯಾಕ್ ಕಾಯ್ಲಿಲ್ಲ ಅಂತ ನೋಟಿಸ್ ಕೊಡ್ತಾರಂತೆ. ಆ ನೋಟಿಸ್ ಬಂದ್ರೆ ಫ್ರೇಮ್ ಹಾಕ್ಸಿ ಇದ್ರ ಪಕ್ಕದಲ್ಲೇ ನೇತಾಕ್ತೀನಿ.

... ಪುಸ್ತಕದ ಪುಟದ ಫೋಟೋ ಆ್ಯಪ್ ತಗೊಳಲ್ವಾ? ಸ್ಥಳದಲ್ಲೇ ತೆಗೆದ ಫೋಟೋನೇ ಬೇಕಾ? ಮತ್ತೆ? ... ಏನದು? 'ಸ್ಥಳ ಪರಿಶೀಲನೆ'? ... ಅಂದ್ರೆ ಮೇಡಮ್ಮೇ ಸ್ಕೂಲಿಗೆ ಬಂದು, ಅವ್ರ ಲಾಗಿನ್ನಲ್ಲಿ, ಮೊದ್ಲು ಕೆಟ್ಟಿತ್ತು ನಾನೇ ನೋಡಿದೀನಿ ಅಂತ ಒತ್ತಿದ್ರೆ ಆ ಫೋಟೋ ಬೇಡ್ವಾ? ಲೋ! ಇಷ್ಟೊತ್ತು ಯಾಕ್ ಬಾಯ್ ಬಿಡ್ಲಿಲ್ಲ? ... ಇಲ್ಲೀವರೆಗೂ ಯಾವ ಆಫೀಸರ್ರೂ ಸ್ಥಳಕ್ಕೆ ಹೋಗಿಲ್ಲ, ಅದಕ್ಕೆ ಆ ಬಟನ್ ನೆನಪಾಗ್ಲಿಲ್ವಾ! ಸತ್ಯ ಹೇಳ್ದೆ ನೋಡು, ಖುಷಿಯಾಯ್ತು.

... ಬರಲ್ಲ ಅಂದ್ರೆ? ಬರ್ತಾರೆ. ಈ ಪುಟ ನಿಂಗೆ ಈಗ್ಲೇ ಕಳಿಸ್ತೀನಿ. ನಿನ್ ಫೋನ್ ಅವ್ರ ಟೇಬಲ್ ಮೇಲೇ ತಾನೇ ಇರೋದು? ಟಣ್ ಅಂತ ಅವ್ರ ಮುಂದೆನೇ ಬೀಳುತ್ತೆ. ಅವ್ರ ಕೈಬರಹ, ಅವ್ರ ಸೈನು. ಓದ್ಕೊಳ್ಲಿ. ನೀನು ಹೋಗಿ ತಲೆ ತಗ್ಸಿ ವಿನಯವಾಗಿ ನಿಂತ್ಕೋ, ಅದ್ ನಿಂಗೆ ಚೆನ್ನಾಗ್ ಬರುತ್ತೆ. "ಮೇಡಂ, ನಿಮ್ ಆದೇಶ ಪಾಲನೆ ಆಗಿದೆ, ಬಂದು ನೋಡ್ಬೇಕಂತೆ" ಅನ್ನು ಅಷ್ಟೆ. ಪಾಲನೆ ಅನ್ನೋ ಪದ ಅವ್ರು ಎಷ್ಟು ವರ್ಷದಿಂದ ಕೇಳಿಲ್ವೋ.

... ಎಷ್ಟೊತ್ತಿಗೆ? ಹತ್ತೂವರೆ. ನಾಳೆ ಹತ್ತೂವರೆ, ಸ್ಕೂಲಲ್ಲಿ. ಪಕ್ಕಾ? ನೀನೂ ಬರ್ಬೇಕು, ಓಟಿಪಿ ಮಹಾರಾಜ, ನೀನಿಲ್ದೆ ಬಟನ್ ಒತ್ತಕ್ಕಾಗಲ್ಲ. ನಂಗೊಂದ್ ಕ್ಲಾಸಿದೆ, ಅಕೌಂಟ್ಸು, ಬಂಕ್ ಮಾಡ್ತೀನಿ. ಇಲ್ಲಿ ಕಲೀತಿರೋದು ಅಲ್ಲಿಗಿಂತ ಜಾಸ್ತಿ.

... ಸಣ್ಣಮಾದಯ್ಯನೋರಿಗೆ ನಾನ್ ಹೇಳ್ತೀನಿ. ಸಾಯಂಕಾಲ ಫೋನ್ ಮಾಡಿದ್ರು ಪಾಪ. "ಬೇಕಾದ್ರೆ ಕಿತ್ತಾಕ್ತೀನಿ ಕಣಮ್ಮ, ನಿಮ್ಮಮ್ಮೋರ್ಗೆ ತೊಂದ್ರೆ ಆಗೋದ್ ಬ್ಯಾಡ. ಆದ್ರೆ ನನ್ ಮಗಳ್ಗೆ ಮಾತ್ರ ನೀವೇ ಹೇಳ್ಬುಡಿ, ನನ್ ಕೈಲಾಗಲ್ಲ" ಅಂದ್ರು. ನಾಳೆ ಐದು ಗಂಟೆವರೆಗೂ ಬಾಗ್ಲು ಮುಟ್ಬೇಡಿ ಅಂತ ಹೇಳ್ತೀನಿ.

... ಆಂ? ಕೇಳಿಸ್ತಿಲ್ಲ, ಜೋರಾಗ್ ಹೇಳು. ... ಬಂದ್ ಮೇಲೂ ಒಪ್ದೆ ಹೋದ್ರಾ? ಅದಕ್ಕೂ ಪ್ಲಾನಿದೆ. ಬಿಸಿಲಲ್ಲಿ ಬರ್ತಾರೆ, ಬಸವಮ್ಮಂಗೆ ಮಜ್ಜಿಗೆ ಮಾಡೋಕ್ ಹೇಳ್ತೀನಿ. ಕೊತ್ತಂಬರಿ, ಶುಂಠಿ ಹಾಕಿ, ದೊಡ್ಡ ಲೋಟದಲ್ಲಿ. ಒಂದಲ್ಲ, ಎರಡು. ಮೂರನೇದೂ ಒತ್ತಾಯ ಮಾಡ್ತೀವಿ. ಆಮೇಲೆ ಪುಸ್ತಕ, ಪಟ್ಟಿ, ಹಾಜರಾತಿ ಎಲ್ಲಾ ಒಂದೊಂದೇ ನಿಧಾನಕ್ಕೆ ತೋರಿಸ್ತಾ ಕೂತ್ಕೋತಾರೆ ಅಮ್ಮ. ಅವ್ರೇ ಎದ್ದು ಕೇಳ್ಲಿ, ಎಲ್ಲಿ ಅಂತ.

... ನಗ್ಬೇಡ, ಸೀರಿಯಸ್ಸಾಗ್ ಹೇಳ್ತಿದೀನಿ! ಈ ಸಲ ಲಾರಿ ನಿಲ್ಲಿಸ್ಬೇಕಾಗಿಲ್ಲ. ಪ್ರೀತಿ ಕರ್ಕೊಂಡ್ ಹೋಗ್ತಾಳೆ, ಅವ್ಳಿಗೆ ಆ ಚಿಲಕ ಹಾಕೋದು ತೋರ್ಸೋದೇ ಒಂದ್ ಸಂಭ್ರಮ. ಮೇಡಂ ಒಳಗ್ ಹೋಗಿ, ಚಿಲಕ ಟಕ್ ಅಂದ್ಮೇಲೆ, ನಾನ್ ಆಚೆ ನಿಂತ್ಕೊಂಡು ತುಂಬಾ ಮರ್ಯಾದೆಯಿಂದ ಕೇಳ್ತೀನಿ, ಮೇಡಂ, ಈಗ ಹೇಳಿ, ನಾಳೆ ಈ ಬಾಗ್ಲು ಬಿಚ್ಚೋದಾ, ಬೇಡ್ವ...

ಹಲೋ? ... ವಿಶ್ರುತಾ? ... ಹತ್ತೂವರೆ ಕಣೋ, ಹತ್ತೂ... ಹಲೋ?